ಕೇಳಿದವರ ಲೆಕ್ಕ

2025ರ ಸೆಪ್ಟೆಂಬರ್ 10ಕ್ಕೆ ಮೈಸೂರಿನ ಆಕಾಶವಾಣಿ ಹುಟ್ಟಿ ತೊಂಬತ್ತು ವರ್ಷ ತುಂಬಿತು. ಮನುಷ್ಯರಿಗೆ ತೊಂಬತ್ತಾದರೆ ಮಕ್ಕಳು ಮೊಮ್ಮಕ್ಕಳು ಸೇರಿ ಶಾಂತಿ ಮಾಡಿಸಿ ಊಟ ಹಾಕಿಸುತ್ತಾರೆ. ಸಂಸ್ಥೆಗಳಿಗೆ ತೊಂಬತ್ತಾದರೆ ಲೇಖನ ಬರೆಸುತ್ತಾರೆ, ಭಾಷಣ ಮಾಡಿಸುತ್ತಾರೆ. ರೇಡಿಯೋದ ಚರಿತ್ರೆ ಹೇಳುವ ಇಂಥ ಬರಹ ಎಲ್ಲಿ ಕಂಡರೂ ನಾನು ಬಿಡದೆ ಓದುವವಳು. ಒಲೆಯ ಮುಂದೆ ಕೂತು ಅದನ್ನು ಕೇಳುತ್ತಲೇ ದೊಡ್ಡವರಾದ ತಲೆಮಾರು ನಮ್ಮದು ತಾನೆ! ಆದರೆ ಪ್ರತಿ ಸಲವೂ ಓದಿ ಮುಗಿಸಿದ ಮೇಲೆ, ಬಾಳೆ ತುಂಬ ಬಡಿಸಿದ್ದರೂ ಅನ್ನಕ್ಕೆ ಸಾರು ಮರೆತುಹೋದ ಊಟ ಮಾಡಿದಂತೆ ಅನ್ನಿಸುತ್ತದೆ. ಏನು ಮರೆತಿದ್ದಾರೆ ಎಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಕತೆ ನಿಮಗೂ ಗೊತ್ತಿರಬಹುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಆ ದಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಮೊದಲ ದಿನ ಕುವೆಂಪು ಕವಿತೆ ಓದಿದರೆಂಬುದು ಪ್ರಸಿದ್ಧವಾದ ಸಂಗತಿ. ಯಂತ್ರದ ಶಕ್ತಿ ಬರೀ 30 ವ್ಯಾಟ್. (ನಮ್ಮ ಅಡಿಗೆಮನೆಯಲ್ಲಿ ಹೊಗೆ ಹಿಡಿದು ಉರಿಯುತ್ತಿದ್ದ ಹಳೇ ಬಲ್ಬೇ 40 ವ್ಯಾಟಿನದು.) ಮುಂದೆ 250 ವ್ಯಾಟಿನ ಯಂತ್ರ ತರಿಸಿದರು, ನಗರಸಭೆಯೂ ಊರವರೂ ಕೈಜೋಡಿಸಿದರು. ಆರು ವರ್ಷ ಹೀಗೆ ನಡೆದ ಮೇಲೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋಕ್ಕೆ ಸೇರಿತು. ನಮ್ಮ ದೇಶದ ರೇಡಿಯೋಕ್ಕೆ ಆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದೇ 1936ರ ಜೂನ್‌ನಲ್ಲಿ. ಅಂದರೆ ಮೈಸೂರಿನ ಮನೆಯ ಕೂಸು ದೆಹಲಿಯ ಹೆಸರಿಗಿಂತ ಒಂಬತ್ತು ತಿಂಗಳು ದೊಡ್ಡದು.

ಇದು ಹೆಮ್ಮೆಯ ವಿಷಯವೇ. ಒಬ್ಬ ಮೇಷ್ಟ್ರು ಪಾಠ ಹೇಳುವುದನ್ನು ತರಗತಿಯ ನಾಲ್ಕು ಗೋಡೆಯಿಂದ ಹೊರಗೆ ತರಬೇಕೆಂದು ಸ್ವಂತ ಮನೆ ಬಿಟ್ಟುಕೊಟ್ಟರೆಂಬುದು ನಮ್ಮಂಥ ಮಾಸ್ತರಿಕೆಯವರಿಗೆ ಎದೆ ತುಂಬುವ ಮಾತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರಂಥ ಮನಶ್ಶಾಸ್ತ್ರಜ್ಞರ ಬಳಿ ಕಲಿತು ಬಂದವರಿಗೆ, ಮನಸ್ಸನ್ನು ಮುಟ್ಟಲು ಕಿವಿಯೇ ಹತ್ತಿರದ ದಾರಿ ಎಂದು ಹೊಳೆದಿರಬೇಕು. ಆದರೆ ಹೊಗಳುವ ಭರದಲ್ಲಿ ಎರಡು ಗೆರೆ ಅಳಿಸಿಹೋಗುತ್ತವೆ. ಇದನ್ನು 'ವಿಶ್ವವಿದ್ಯಾಲಯದ ಬಾನುಲಿ' ಎಂದು ಕೆಲವರು ಕರೆಯುವುದುಂಟು. ವಿಶ್ವವಿದ್ಯಾಲಯದ್ದಲ್ಲ, ವಿಶ್ವವಿದ್ಯಾಲಯದವರೊಬ್ಬರದು, ಆ ವ್ಯತ್ಯಾಸ ಸಣ್ಣದಲ್ಲ. ಇನ್ನು 'ತೊಂಬತ್ತು ವರ್ಷದ ಅವಿರತ ಸೇವೆ' ಎಂಬ ಮಾತು. 1955ರಲ್ಲಿ ಕೇಂದ್ರವನ್ನು ಬೆಂಗಳೂರಿಗೆ ಒಯ್ದರು. ಮೈಸೂರಿನಲ್ಲಿ ಮತ್ತೆ ಕೇಂದ್ರ ತೆರೆದದ್ದು 1974ರಲ್ಲಿ. ನಡುವೆ ಹತ್ತೊಂಬತ್ತು ವರ್ಷ ಹುಟ್ಟಿದ ಊರಿಗೇ ಧ್ವನಿ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ದಿನ ಗೈರಾದ ಹುಡುಗನಿಗೆ ನಾವು ಪೂರ್ತಿ ಹಾಜರಿಯ ಬಹುಮಾನ ಕೊಡುತ್ತೇವೆಯೆ?

ಇನ್ನೊಂದು ಮಾತು, ಹೆಂಗಸಾದ ಕಾರಣ ತೋಚಿದ್ದು. ಮನೆಯಲ್ಲೇ ರೇಡಿಯೋ ಕೇಂದ್ರ ಎಂದರೆ ದಿನಾ ಕವಿಗಳು ಬರಬೇಕು, ಹಾಡುವವರು ಬರಬೇಕು, ತಂಬೂರಿ ಹಿಡಿದವರು ಬರಬೇಕು. ಬಂದವರೆಲ್ಲ ಬರೀ ಬಾಯಲ್ಲಿ ಹೋದರೆ? ಪ್ರಸಾರದ ಹೊತ್ತಿನಲ್ಲಿ ಮಕ್ಕಳು ಅಳಬಾರದು, ಪಾತ್ರೆ ಸದ್ದಾಗಬಾರದು, ಒರಳು ತಿರುಗಬಾರದು. ಇದನ್ನೆಲ್ಲ ಸುಧಾರಿಸಿದವರು ಯಾರು? ನಾನು ಓದಿದ ಲೇಖನಗಳಲ್ಲಿ ಯಂತ್ರದ ವ್ಯಾಟ್ ಇದೆ, ಮನೆಯ ಹೆಸರಿದೆ, ಬಂದ ಅತಿಥಿಗಳ ಪಟ್ಟಿಯಿದೆ. ಆ ಮನೆಯ ಅಡಿಗೆಮನೆ ಮಾತ್ರ ಇಲ್ಲ.

ಹೆಸರಿನ ವಿಚಾರಕ್ಕೆ ಬರೋಣ. 'ಆಕಾಶವಾಣಿ' ಎಂಬ ಪದವನ್ನು ಆರಿಸಿದ್ದು ಮೈಸೂರಿನವರು, ಮುಂದೆ ಇಡೀ ದೇಶದ ರೇಡಿಯೋ ಅದನ್ನೇ ಎತ್ತಿಕೊಂಡಿತು ಎಂದು ಎಲ್ಲ ಲೇಖನಗಳೂ ಬೀಗುತ್ತವೆ. ಹೆಸರಿಟ್ಟವರು ಗೋಪಾಲಸ್ವಾಮಿಯವರೆಂದು ಕೆಲವರು, ನಾ. ಕಸ್ತೂರಿಯವರೆಂದು ಕೆಲವರು ವಾದ ಹೂಡುತ್ತಾರೆ. ಇರಲಿ, ಚಂದದ ಹೆಸರು. ಆದರೆ ಸ್ವಲ್ಪ ಯೋಚಿಸಿ. ನಮ್ಮ ಪುರಾಣದಲ್ಲಿ, ನಮ್ಮ ಕಡೆಯ ಯಕ್ಷಗಾನದಲ್ಲಿ ಆಕಾಶವಾಣಿ ಯಾವಾಗ ಬರುತ್ತದೆ? ಕಂಸ ತಂಗಿ ದೇವಕಿಯನ್ನು ರಥದಲ್ಲಿ ಕೂರಿಸಿಕೊಂಡು ಮದುವೆಯ ಸಡಗರದಲ್ಲಿ ಹೊರಟಿರುವಾಗ ಬರುತ್ತದೆ. ಹೇಳುವುದನ್ನು ಹೇಳಿ ಹೋಗುತ್ತದೆ. ಮರುಪ್ರಶ್ನೆ ಕೇಳುವ ಹಾಗಿಲ್ಲ. ಆ ಮಾತಿನಿಂದ ಬದುಕೇ ಮುರಿದುಬಿದ್ದದ್ದು ದೇವಕಿಯದು, ಆದರೆ ವಾಣಿ ಮಾತಾಡಿದ್ದು ಕಂಸನ ಜೊತೆ. ಪಕ್ಕದಲ್ಲೇ ಕೂತು ಕೇಳಿಸಿಕೊಂಡ ಮದುಮಗಳನ್ನು ಆ ಧ್ವನಿ 'ನೀನು' ಎಂದು ಸಹ ಕರೆಯಲಿಲ್ಲ. ಹೆಸರಿನಲ್ಲೇ ಹೀಗೆ ಮೇಲಿನಿಂದ ಕೆಳಕ್ಕೆ ಬೀಳುವ ಮಾತಿದೆ. ಕೆಳಗೆ ನಿಂತು ಕೇಳಿದವರಿಗೆ ಅದರಲ್ಲಿ ಜಾಗವಿಲ್ಲ. ರೇಡಿಯೋದ ಚರಿತ್ರೆ ಬರೆಯುವವರೂ ಈ ಹೆಸರಿನ ಹಾಗೆಯೇ ಬರೆಯುತ್ತಾರೆ. ಮೊದಲು ಹೇಳಿದವರು ಯಾರು, ಮೊದಲು ಹಾಡಿದವರು ಯಾರು ಎಂಬ ಲೆಕ್ಕವುಂಟು. ಮೊದಲು ಕೇಳಿದವರು ಯಾರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ನಮ್ಮ ಸುಂಕಸಾಳದ ಕಡೆಯಿಂದ ನೋಡಿದರೆ ಚರಿತ್ರೆ ಬೇರೆಯೇ ಕಾಣುತ್ತದೆ. ಹೆಸರಲ್ಲೇ ಸುಂಕ ಇಟ್ಟುಕೊಂಡ ಊರು ನಮ್ಮದು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಗಂಗಾವಳಿ ಹೊಳೆಯ ಮಗ್ಗುಲಲ್ಲಿ, ಅರಬೈಲ್ ಘಟ್ಟ ಹತ್ತುವ ಮೊದಲು ಸಿಗುತ್ತದೆ. ನಮಗೆ ಮೈಸೂರು ಎಂದೂ ರೇಡಿಯೋದ ಊರಾಗಿರಲಿಲ್ಲ. ರೇಡಿಯೋ ಎಂದರೆ ಧಾರವಾಡ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರ ಮಧ್ಯಮ ತರಂಗದಲ್ಲಿ ಬರುತ್ತಿತ್ತು. ಈ ಮಧ್ಯಮ ತರಂಗಕ್ಕೆ ಒಂದು ಒಳ್ಳೆಯ ಗುಣವಿದೆ. ನೆಲ ಹಿಡಿದು, ಗುಡ್ಡ ಬಳಸಿ ತೆವಳಿಕೊಂಡು ಬರುತ್ತದೆ. ರಾತ್ರಿಯಾದರೆ ಮೇಲೆ ಬಾನಿನ ಪದರಕ್ಕೆ ತಾಗಿ ಇನ್ನೂ ದೂರ ಹೋಗಿ ಇಳಿಯುತ್ತದೆ. ಮಳೆಗಾಲದ ಗುಡುಗಿಗೆ ಕರಕರ ಅನ್ನುತ್ತದೆ ನಿಜ, ಆದರೆ ಬರುತ್ತದೆ. ಈಗಿನ ಎಫ್.ಎಂ. ಹಾಗಲ್ಲ. ಧ್ವನಿ ಸ್ಫಟಿಕ, ಆದರೆ ಕಣ್ಣಿನ ನೋಟದ ಹಾಗೆ ನೇರ ಹೋಗುವಂಥದ್ದು. ನಡುವೆ ಗುಡ್ಡ ನಿಂತರೆ ಮುಗಿಯಿತು.

ಅಪ್ಪನ ಹತ್ತಿರ ರೇಡಿಯೋ ಲೈಸೆನ್ಸಿನ ಒಂದು ಪುಸ್ತಕವಿತ್ತು. ವರ್ಷವರ್ಷ ಪೋಸ್ಟಿನಲ್ಲಿ ಹಣ ಕಟ್ಟಿ ಅದಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರಬೇಕಿತ್ತು. 1980ರ ದಶಕದ ನಡುವಿನಲ್ಲಿ ಆ ಪದ್ಧತಿ ಹೋಯಿತು. ಪುಸ್ತಕ ಅಪ್ಪನ ಹೆಸರಲ್ಲಿತ್ತು, ಕೇಳುವ ಕೆಲಸ ಆಯಿಯದಾಗಿತ್ತು. ಬೆಳಗಿನ ಚಿಂತನ, ಪ್ರದೇಶ ಸಮಾಚಾರ ಅಪ್ಪನ ಪಾಲು. ಅವರು ಹೊರಟ ಮೇಲೆ ರೇಡಿಯೋ ಜಗುಲಿಯಿಂದ ಅಡಿಗೆಮನೆಯ ಕಟ್ಟೆಗೆ ಬರುತ್ತಿತ್ತು. ಮಹಿಳೆಯರ ಕಾರ್ಯಕ್ರಮದಲ್ಲಿ ಒಬ್ಬರು ಯಾವುದೋ ತಂಬುಳಿ ಮಾಡುವ ಕ್ರಮ ಹೇಳಿದರೆ ಆಯಿ ಅಲ್ಲಿಂದಲೇ ಜಗಳ ತೆಗೆಯುತ್ತಿದ್ದಳು: "ಅದಕ್ಕೆ ಜೀರಿಗೆ ಹಾಕ್ತ್ರೇನೇ, ಬ್ಯಾಡ್ದೇ!" ಹೇಳಿದವರಿಗೆ ಅದು ಮುಟ್ಟಲಿಲ್ಲ. ಆದರೆ ಈ ಜಗಳವೂ ರೇಡಿಯೋದ ಚರಿತ್ರೆಗೆ ಸೇರಿದ್ದೆಂದೇ ನಾನು ತಿಳಿದಿದ್ದೇನೆ. ಮರುಮಾತು ಧಾರವಾಡಕ್ಕೆ ತಲುಪುತ್ತಿದ್ದದ್ದು ಎರಡೇ ದಾರಿಯಲ್ಲಿ: ಒಂದು ಕೇಳುಗರ ಪತ್ರ, ಇನ್ನೊಂದು ಚಿತ್ರಗೀತೆಯ ಕೋರಿಕೆ. ಹಾಡಿಗಿಂತ ಮೊದಲು ಓದುತ್ತಿದ್ದ ಹೆಸರುಗಳ ಸಾಲನ್ನು ಕೆಲವರು ಗೇಲಿ ಮಾಡುವುದುಂಟು. ಪಡಿತರ ಚೀಟಿಯಲ್ಲೂ ಗಂಡನ ಹೆಸರಿನ ಕೆಳಗೆ ಇರುವ ಒಬ್ಬ ಹೆಂಗಸು ತನ್ನ ಹೆಸರು, ತನ್ನ ಕೇರಿಯ ಹೆಸರು ಎಲ್ಲರ ಮನೆಯಲ್ಲಿ ಒಮ್ಮೆಗೇ ಕೇಳುವುದೆಂದರೆ ಏನೆಂದು ಗೇಲಿ ಮಾಡಿದವರಿಗೆ ತಿಳಿಯದು.

ಶಾಲೆಗೆ ಬಂದ ಮೇಲೆ ಅದೇ ರೇಡಿಯೋವನ್ನು ನಾನು ಬೇರೆ ಕಡೆಯಿಂದ ನೋಡಿದೆ. ಸಣ್ಣ ತರಗತಿಗಳಿಗೆ 'ಕೇಳಿ ಕಲಿ' ಎಂಬ ಪಾಠ ಆಕಾಶವಾಣಿಯಲ್ಲಿ ಬರುತ್ತಿತ್ತಲ್ಲ, ಅದು ನನಗೆ ಬಹಳ ಇಷ್ಟವಾದದ್ದು ಪಾಠದಿಂದಲ್ಲ, ಅದರ ನಡುವಿನ ಮೌನದಿಂದ. ರೇಡಿಯೋದ ಅಕ್ಕ ಒಂದು ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದಳು. ಆ ಖಾಲಿ ಜಾಗದಲ್ಲಿ ನಮ್ಮ ಮಕ್ಕಳು ಛಾವಣಿ ಹಾರುವ ಹಾಗೆ ಕೂಗಿ ಉತ್ತರ ಹೇಳುತ್ತಿದ್ದರು. ಆಮೇಲೆ ಅವಳು "ಜಾಣರು" ಅಂದರೆ, ತಮ್ಮ ಉತ್ತರ ಕೇಳಿಸಿಯೇ ಅಂದಳೆಂದು ಅವರಿಗೆ ಖಾತ್ರಿ. ಒಬ್ಬ ಹುಡುಗ ನನ್ನ ಹತ್ತಿರ ಬಂದು, "ಅಕ್ಕೋರೆ, ನಾ ಇವತ್ತು ಸಣ್ಣಕೆ ಹೇಳಿದ್ದೆ, ಆದ್ರೂ ಅವ್ರಿಗೆ ಕೇಳ್ತು" ಅಂದ. ಹೇಳುವವರು ಕೇಳುವವರಿಗಾಗಿ ಜಾಗ ಬಿಟ್ಟ ಪ್ರಸಾರವೆಂದರೆ ನನ್ನ ಮಟ್ಟಿಗೆ ಅದೇ. ಬರೀ ಹತ್ತು ಸೆಕೆಂಡಿನ ಜಾಗವಿರಬಹುದು. ದೊಡ್ಡ ದೊಡ್ಡ ಭಾಷಣಗಳಲ್ಲಿ ಅಷ್ಟೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದ ಬಾನುಲಿಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಯಾವುದೆಂದು ಬೇಡ. ವೇದಿಕೆಯಲ್ಲಿ ಹನ್ನೊಂದು ಕುರ್ಚಿ. ಕುಲಪತಿಗಳು, ಹಿಂದಿನ ಕುಲಪತಿಗಳು, ಕುಲಸಚಿವರು, ಯಂತ್ರ ಕೊಟ್ಟವರು, ಯಂತ್ರ ಕೂಡಿಸಿದವರು. ಇಷ್ಟು ಗಂಟೆ ಪ್ರಸಾರ ಮಾಡಿದ್ದೇವೆ, ಇಷ್ಟು ಮಂದಿ ತಜ್ಞರನ್ನು ಕರೆಸಿದ್ದೇವೆ ಎಂದು ವರದಿ ಓದಿದರು. ನನ್ನ ಪಕ್ಕದಲ್ಲಿ ಹತ್ತಿರದ ಹಳ್ಳಿಯಿಂದ ಬಂದ ಹೆಂಗಸೊಬ್ಬಳು ಕೂತಿದ್ದಳು. ದಿನಾ ಹೊಲದಲ್ಲಿ ಮೊಬೈಲಿನ ರೇಡಿಯೋ ಹಚ್ಚಿಕೊಂಡೇ ಕಳೆ ಕೀಳುತ್ತಾಳಂತೆ. ಯಾವ ಧ್ವನಿ ಯಾರದೆಂದು ಅವಳಿಗೆ ಬಾಯಿಪಾಠ; ವೇದಿಕೆಯಲ್ಲಿ ಒಬ್ಬರು ಮಾತಿಗೆ ನಿಂತಾಗ ಕಣ್ಣು ಮುಚ್ಚಿಕೊಂಡು, "ಹಾಂ, ಇವ್ರೇ ನಮ್ಮ ಹೈನದ ಸಾಹೇಬ್ರು" ಅಂದಳು. ಅವಳನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಒಂದು ಹಣ್ಣಿನ ಬುಟ್ಟಿ ಉಳಿದಿತ್ತು, ಅದನ್ನು ಮತ್ತೊಬ್ಬ ಅಧಿಕಾರಿಗೆ ಕೊಟ್ಟರು.

ವಿಶ್ವವಿದ್ಯಾಲಯಗಳಿಗೆ ತಮ್ಮದೇ ಬಾನುಲಿ ನಡೆಸುವ ಅವಕಾಶ ನಮ್ಮ ದೇಶದಲ್ಲಿ ಬಂದದ್ದು ಬಹಳ ತಡವಾಗಿ. 1995ರಲ್ಲಿ ಸುಪ್ರೀಂ ಕೋರ್ಟು, ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ತೀರ್ಪು ಕೊಟ್ಟಿತು. 2002ರ ಕೊನೆಗೆ ಕೇಂದ್ರ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಬಾಗಿಲು ತೆರೆಯಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಶುರುವಾಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ 90.4ರಲ್ಲಿ ಕೃಷಿ ಸಮುದಾಯ ಬಾನುಲಿ ಆರಂಭಿಸಿತು. ರೈತರ ಮಾತನ್ನು ರೈತರ ಭಾಷೆಯಲ್ಲೇ ಆಡಿಸುವ ಕೆಲಸ ಅದು, ಸಂತೋಷ. ಆದರೆ ಇಂಥ ಕೇಂದ್ರಗಳಿಗೆ ಸರ್ಕಾರ ಹಾಕಿದ ಕಟ್ಟು ನೋಡಿ: ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು, ಕಂಬ 30 ಮೀಟರ್ ಮೀರಬಾರದು. ಹತ್ತು ಹದಿನೈದು ಕಿಲೋಮೀಟರಿನಾಚೆಗೆ ಧ್ವನಿ ಸಾಗದು. ಸ್ವಂತ ವಾರ್ತೆ ಓದುವ ಹಾಗಿಲ್ಲ, ಆಕಾಶವಾಣಿಯ ವಾರ್ತೆಯನ್ನೇ ಇದ್ದಕ್ಕಿದ್ದ ಹಾಗೆ ಮರುಪ್ರಸಾರ ಮಾಡಬಹುದು.

ಧಾರವಾಡದ ಆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಇದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಅದರದೇ. ಅಂದರೆ ಕಾಗದದ ಮೇಲೆ ನಾವು ಅವರವರು. ನಮ್ಮ ಅಡಿಕೆಗೆ ಕೊಳೆ ಬಿದ್ದರೆ, ಗದ್ದೆಗೆ ಹೊಳೆಯ ಉಸುಕು ತುಂಬಿದರೆ ಉಪಾಯ ಹೇಳಬೇಕಾದವರು ಅವರು. ಬಾನುಲಿ ಮಾತ್ರ ನೂರು ಕಿಲೋಮೀಟರ್ ಆಚೆ, ಘಟ್ಟದ ಮೇಲೇ ಉಳಿಯಬೇಕು. ಇದು ಕೇಂದ್ರ ನಡೆಸುವವರ ತಪ್ಪಲ್ಲ. ಗುಡ್ಡಗಾಡಿಗೆಂದು 250 ವ್ಯಾಟಿನವರೆಗೆ ಕೊಡಬಹುದೆಂಬ ವಿನಾಯಿತಿ ನಿಯಮದಲ್ಲಿದೆ, ಆದರೆ ಅದು ಒಂದೊಂದು ಅರ್ಜಿಯನ್ನು ನೋಡಿ ಕೊಡುವಂಥದ್ದು. ಬಯಲಿನಲ್ಲಿ ಹದಿನೈದು ಕಿಲೋಮೀಟರ್ ಹೋಗುವ ನೂರು ವ್ಯಾಟಿನ ಎಫ್.ಎಂ. ನಮ್ಮಂಥ ಕಣಿವೆಯಲ್ಲಿ ಎರಡನೇ ತಿರುವಿಗೇ ಸುಸ್ತಾಗುತ್ತದೆ. ಸಾಮಾನ್ಯವಾಗಿ ಮಲೆನಾಡಿಗೂ ಬಯಲಿಗೂ ಒಂದೇ ಅಳತೆಯ ಅಂಗಿ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1910ರ ದಶಕದಲ್ಲೇ, ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಲ್ ಟೆರಿಯವರ ಮುಂದಾಳುತನದಲ್ಲಿ ಬಾನುಲಿಯ ಪ್ರಯೋಗ ಮಾಡುತ್ತಿದ್ದರು. ಅವರು ಮೊದಮೊದಲು ಕಳಿಸಿದ್ದರಲ್ಲಿ ಹವಾಮಾನದ ವರದಿಯೂ ಇತ್ತು, ಅದೂ ಕಟ್ಟಕಡ ಸದ್ದಿನ ತಂತಿ ಭಾಷೆಯಲ್ಲಿ. ನಾಳೆ ಮಳೆಯೋ ಬಿಸಿಲೋ ಎಂದು ರೈತನಿಗೆ ಮೊದಲು ತಿಳಿಯಲಿ, ಕವಿತೆ ಆಮೇಲೆ ಎಂದರು. ಕವಿತೆಯಿಂದ ಶುರುಮಾಡಿದ ನಮ್ಮವರನ್ನು ನಾನು ಹಳಿಯುತ್ತಿಲ್ಲ. ಆದರೆ ಹೊಳೆದಂಡೆಯಲ್ಲಿ ಬದುಕುವವಳಿಗೆ ಆ ವಿಸ್ಕಾನ್ಸಿನ್ನಿನವರ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ.

ಏಕೆಂದರೆ 2019ರ ಆಗಸ್ಟ್ ನೆನಪಿದೆ. ಗಂಗಾವಳಿ ಉಕ್ಕಿ ರಾಮನಗುಳಿಯ ತೂಗುಸೇತುವೆ ಕೊಚ್ಚಿಹೋಯಿತು. ಕರೆಂಟಿಲ್ಲ, ಮೊಬೈಲಿನಲ್ಲಿ ಗೆರೆಯಿಲ್ಲ. ಟೀವಿ, ವಾಟ್ಸಾಪು, ಎಲ್ಲ ಕಪ್ಪು ಗಾಜು. ಸೆಲ್ಲು ಹಾಕುವ ಒಂದು ಹಳೇ ಟ್ರಾನ್ಸಿಸ್ಟರ್ ಮಾತ್ರ ಮಾತಾಡುತ್ತಿತ್ತು. ಕೆಳಗಿನ ಕೇರಿಯ ಅಜ್ಜಿ ಒದ್ದೆ ಕಂಬಳಿ ಹೊದ್ದುಕೊಂಡು ಬಂದು ಕೇಳಿದ್ದು ಒಂದೇ ಮಾತು: "ಅಕ್ಕೋರೆ, ಹೊಳೆ ಇನ್ನೂ ಏರ್ತದ್ಯಂತೋ, ಇಳೀತದ್ಯಂತೋ?" ರಾಜ್ಯದ ಸುದ್ದಿ, ದೇಶದ ಸುದ್ದಿ ಅದರಲ್ಲಿತ್ತು. ಅಜ್ಜಿಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಹೊಳೆಯ ದಂಡೆಯಲ್ಲೇ ಯಾರಾದರೂ ಕೂತು ಮಾತಾಡಬೇಕು. ಸಮುದಾಯ ಬಾನುಲಿ ಎಂಬ ದೊಡ್ಡ ಮಾತಿನ ಅರ್ಥ ನನಗೆ ಆ ರಾತ್ರಿ ತಿಳಿದಷ್ಟು ಯಾವ ಪುಸ್ತಕದಿಂದಲೂ ತಿಳಿದಿಲ್ಲ.

ಹಾಗೆ ದಂಡೆಯಲ್ಲೇ ಕೂತು ಮಾತಾಡಿದವರು ಇದ್ದಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಎದ್ದಿತು. ಗಾಳಿಯಲ್ಲಿ ಬಿಡಲು ಲೈಸೆನ್ಸಿಲ್ಲ. ಸರಿ, ಟೀವಿಯ ಕೇಬಲ್ ತಂತಿಯಲ್ಲೇ ಧ್ವನಿಯನ್ನು ಮನೆಮನೆಗೆ ಹರಿಸಿದರು. ಸ್ವಸಹಾಯ ಸಂಘದ ಹೆಂಗಸರು ಮೈಕು ಹಿಡಿದರು. ಬೀದರಿನ ಗಡಿಯಾಚೆ, ಜಹೀರಾಬಾದ್ ಹತ್ತಿರ ದಲಿತ ಹೆಂಗಸರು ತಾವೇ ಧ್ವನಿ ಮುದ್ರಿಸಿ, ಲೈಸೆನ್ಸಿಗೆ ಕಾದು ಕಾದು, ಅಲ್ಲಿಯತನಕ ಕ್ಯಾಸೆಟ್ಟುಗಳನ್ನೇ ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. 2008ರಲ್ಲಿ ಅವರ 'ಸಂಗಂ ರೇಡಿಯೋ' ಗಾಳಿಗೆ ಬಂತು. ಬೀಜ ಕಾಯುವುದು, ಹಾಡು, ಹಬ್ಬ, ಎಲ್ಲ ಅವರದೇ ತೆಲುಗಿನಲ್ಲಿ. ಇವರಾರೂ ವಿಶ್ವವಿದ್ಯಾಲಯದವರಲ್ಲ. ಆದರೆ 1935ರಲ್ಲಿ ಮನೆಯ ಕೋಣೆಯೊಂದರಲ್ಲಿ 30 ವ್ಯಾಟ್ ಹಚ್ಚಿಕೊಂಡು ಕೂತ ಆ ಪ್ರಾಧ್ಯಾಪಕರ ನಿಜವಾದ ವಾರಸುದಾರರು ಯಾರೆಂದು ನನ್ನನ್ನು ಕೇಳಿದರೆ, ಹನ್ನೊಂದು ಕುರ್ಚಿಯ ವೇದಿಕೆಯನ್ನು ತೋರಿಸಲಾರೆ.

ನಮ್ಮ ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಲಕ್ಕಿ ಹಾಡುಗಳ ಕಣಜ ಅವರು; 2017ರಲ್ಲಿ ಪದ್ಮಶ್ರೀ ಬಂದಿತ್ತು. ಅವರ ಹಾಗೆ ಹಾಡುವ ಇನ್ನೂ ಕೆಲವು ಅಜ್ಜಿಯರು ಕೇರಿಗಳಲ್ಲಿ ಉಳಿದಿದ್ದಾರೆ, ಪದ್ಮಶ್ರೀ ಇಲ್ಲದವರು. ಗದ್ದೆ ನಾಟಿಯ ಹೊತ್ತಿನಲ್ಲಿ ಮಾತ್ರ ಬಾಯಿ ಬಿಡುವವರು, ಹಾಡೆಂದು ಕೂಡಿಸಿದರೆ ನಾಚಿಕೊಳ್ಳುವವರು. ಒಂದು ವಿಶ್ವವಿದ್ಯಾಲಯ ತನ್ನ ಬಾನುಲಿಯ ಹುಟ್ಟುಹಬ್ಬಕ್ಕೆ ಶಾಲು ಹಾರಗಳ ಖರ್ಚಿನಲ್ಲಿ ಇಬ್ಬರು ಹುಡುಗಿಯರನ್ನು ಧ್ವನಿಯಂತ್ರ ಕೊಟ್ಟು ಜೂನ್ ತಿಂಗಳಲ್ಲಿ ಇಲ್ಲಿಗೆ ಕಳಿಸಿದರೆ ಸಾಕು. ಮಳೆಯಲ್ಲಿ ಕೆಸರಿಗಿಳಿಯಲು ತಯಾರಿರುವ ಹುಡುಗಿಯರಾಗಿರಬೇಕು. ಊಟ ವಸತಿ ನನ್ನ ಮನೆಯಲ್ಲಿ.

2035ಕ್ಕೆ ಮೈಸೂರಿನದು ನೂರು. ಆಗ ಪ್ರದರ್ಶನ ಇಟ್ಟೇ ಇಡುತ್ತಾರೆ. ಹಳೇ ಮೈಕು, ಹಳೇ ಯಂತ್ರ, ದೊಡ್ಡವರ ಭಾವಚಿತ್ರ ಎಲ್ಲ ಇರಲಿ, ಬೇಡವೆನ್ನುವುದಿಲ್ಲ. ಒಂದು ಮೇಜು ಮಾತ್ರ ಕೇಳಿದವರಿಗೆ ಬಿಟ್ಟುಕೊಡಲಿ. ಕೋರಿಕೆಯ ಕಾರ್ಡುಗಳು, ಪತ್ರಗಳು, ಎಣ್ಣೆ ಜಿಡ್ಡಿನ ಕೈಯ ಗುರುತಿರುವ ಟ್ರಾನ್ಸಿಸ್ಟರುಗಳು ಅದರ ಮೇಲೆ ಬರಲಿ. ಅಪ್ಪನ ಲೈಸೆನ್ಸ್ ಪುಸ್ತಕ ನನ್ನ ಟ್ರಂಕಿನಲ್ಲಿ ಇನ್ನೂ ಇದೆ, ಅಂಚಿಗೆ ಸ್ವಲ್ಪ ಗೆದ್ದಲು ಹಿಡಿದಿದೆ. ಬೇಕೆಂದರೆ ಕಳಿಸಿಕೊಡುತ್ತೇನೆ. ಕೆಳಗೆ ಚೀಟಿ ಹಚ್ಚುವಾಗ ಆಯಿಯ ಹೆಸರನ್ನೂ ಬರೆಯಬೇಕು.